ಐದು ಪಿನ್ನಿನ ಕೀಲಿ

ಕಪನೂರದಾಗ, ತೊಗರಿ ಮಿಲ್ಲಿನ ಹಿಂದಿನ ಓಣಿ.
ಇಲ್ಲಿ ಕೀಲಿ ಕೆಡೂದು ತುಕ್ಕಿನಿಂದಲ್ಲ,
ಬ್ಯಾಳಿ ಧೂಳಿನಿಂದ.
ಅದರ ಮ್ಯಾಲ ಮಂದಿ ಕೊಬ್ಬರಿ ಎಣ್ಣಿ ಬಿಡ್ತಾರ,
ಒಳಗ ಹಿಟ್ಟು ನಾದಿದಂಗ ಆಗ್ತದ.
ಮೂವತ್ತು ವರ್ಷದಿಂದ ಹೇಳ್ಲತ್ತೀನಿ,
ಎಣ್ಣಿ ಬ್ಯಾಡ್ರಿ, ಪೆನ್ಸಿಲಿನ ಕಡ್ಡಿ ಕೆರದು ಉದುರಸ್ರಿ.
ಯಾರು ಕೇಳ್ತಾರ.

ಸುಗಲಾ ಸಿಸ್ಟರ್ ಕೀಲಿ ಕೆಟ್ಟದಂತ ಕರೆದಿರಲಿಲ್ಲ.
ಹಳೇದು ಛಲೋನೇ ಇತ್ತು,
ಚಾವಿ ಹಾಕಿದ್ರ ಬೆಣ್ಣ್ಯಾಗ ತಿರುಗಿದಂಗ ತಿರುಗ್ತಿತ್ತು.
"ಏನಾಗೇದ್ರಿ ಇದಕ್ಕ?"
"ಬದಲಿ ಮಾಡ್ರಿ, ಲಾಡ್ಲೆಸಾಬ್."
ಮೈಮ್ಯಾಲ ಇನ್ನಾ ರಾತ್ರಿ ಪಾಳಿಯ ಬಿಳಿ ಕೋಟು.
"ಮೂರು ಚಾವಿ ಇದ್ದವು. ನನ್ನ ಕೈಯಾಗ ಎರಡವ."
ಮುಂದ ನಾ ಕೇಳಲಿಲ್ಲ.
ಕೀಲಿಗಿದ್ದಂಗ ಕೀಲಿ ಮಾಡೋನಿಗೂ ನಾಲಿಗಿ ಇರ್ತದ,
ಅದನ್ನ ಒಳಗ ಎಳಕೊಳ್ಳೂದು ಮೊದಲ ಕಲೀಬೇಕು.

ಬೇವಿನ ಬಾಗಿಲು. ಬ್ಯಾಸಿಗಿಗೆ ಒಣಗಿ ಮೂಲಿ ಇಳಿದಿತ್ತು.
ಹೊಸ ನಾಲಿಗಿ ಚೌಕಟ್ಟಿನ ತೂತಿಗೆ ಹೊಂದವಲ್ದು,
ಒಂದು ಜ್ವಾಳದ ಕಾಳಿನಷ್ಟು ಫರಕು.
ಹೊಸ ಹುಡುಗ್ರು ಇಂಥಾದ್ರಾಗ ಕೀಲಿಗೆ ಬಯ್ತಾರ.
ತಪ್ಪು ಬಾಗಿಲಿಂದು.
ಬಾಗಿಲಿಂದೂ ಅಲ್ಲ, ಮ್ಯಾಲಿನ ಬಿಜಾಗರಿದು.
ಮೂರು ಇಂಚಿನ ಸ್ಕ್ರೂ ಗ್ವಾಡಿತನಾ ಇಳಿಸಿದೆ, ಬಾಗಿಲು ಎದ್ದು ನಿಂತಿತು.
ಉಳಿ ಹಿಡದು ಚೌಕಟ್ಟು ಇನ್ನಷ್ಟು ಆಳ ಕಡದೆ.
ಬಾಜೂಕಿನ ಚಂದಮ್ಮ ನೀರು ಚೆಲ್ಲಲಿಕ್ಕಂತ
ಮೂರು ಸಲ ಹೊರಗ ಬಂದ್ಳು.

"ಹೊರಗ ಹೋಗ್ರಿ. ನಾ ಒಳಗಿಂದ ಹಾಕ್ತೀನಿ, ದಬ್ಬಿ ನೋಡ್ರಿ."
ದಬ್ಬಿದೆ.
"ಹಂಗಲ್ಲ. ಸಿಟ್ಟು ಬಂದವರಂಗ ದಬ್ರಿ."
ಭುಜ ಕೊಟ್ಟೆ.
"ಇನ್ನಾ."
ಒದ್ದೆ.
ಮಂದಿ ಮನಿ ಬಾಗಿಲ ಒದ್ದದ್ದು ನಾ ಅದೇ ಮೊದಲು.
ಚಂದಮ್ಮನ ಕೊಡ ಕೈಯಾಗೇ ನಿಂತಿತ್ತು.
ಬಾಗಿಲು ಮಿಸುಕಲಿಲ್ಲ.

ಆಮ್ಯಾಲ ಒಳಗಿಂದ ಸಪ್ಪಳಿಲ್ಲ.
ನನ್ನ ಡ್ರಿಲ್ಲು ಒಳಗ, ಉಳಿ ಒಳಗ,
ಅರ್ಧ ಕಪ್ಪು ಚಾ ಒಳಗ.
ಹೊರಗ ಮೇ ತಿಂಗಳ ಕಲಬುರಗಿ,
ಫರಸಿ ಕಟ್ಟಿ ಮ್ಯಾಲ ಕಾಲು ಇಡಲಿಕ್ಕೆ ಬರಲ್ಲ.
ಹಳೇ ಕೀಲಿ ಕಿತ್ತ ತೂತು ಇನ್ನಾ ಮುಚ್ಚಿರಲಿಲ್ಲ,
ಅದರಾಗಿಂದ ಕೂಲರಿನ ತಣ್ಣನ ಗಾಳಿ
ಬಟನ್ ಹರಿದ ನನ್ನ ಅಂಗಿಯೊಳಗ ಬಡೀತಿತ್ತು.
ಬಗ್ಗಿ ನೋಡಬಹುದಿತ್ತು.
ಕೂಗಬಹುದಿತ್ತು.
ಊರಾಗಿನ ಯಾವ ಬಾಗಿಲಾದ್ರೂ ತೆಗೆಯೋ ಮನಷ್ಯಾ
ತಾನೇ ಕೂಡಿಸಿದ ಕೀಲಿ ಮುಂದ
ಬೇವಿನ ಗಿಡದ ಇಷ್ಟೇ ಇಷ್ಟು ನೆಳ್ಳಿಗೆ ಸರಕೋತ ನಿಂತೆ.

ಮಿಲ್ಲಿನಾಗ ಊಟದ ಭೋಂಗಾ ಆತು.
ಕೀಲಿ ತಿರುಗಿತು, ಮೆತ್ತಗ, ನಾ ಹೇಳಿಕೊಟ್ಟಂಗ.
ಅಕಿ ಗಲ್ಲದ ಮ್ಯಾಲ
ಬಾಗಿಲ ಪಟ್ಟಿಯ ಗೆರಿ ಉದ್ದಕ್ಕ ಮೂಡಿತ್ತು.
"ನಿದ್ದಿ ಹತ್ತಿತ್ರಿ," ಅಂದ್ಳು,
ತಾನೇ ನಂಬದವರಂಗ.

ತೂತಿಗೆ ಬೇವಿನ ತುಂಡು ಬಡದು ಉಜ್ಜಿದೆ.
ಮೂರೂ ಚಾವಿ ಕೊಟ್ಟೆ. ಎರಡೆರಡು ಸಲ ಎಣಸಿದ್ಳು,
ಮೂರೂ ಒಂದೇ ರಿಂಗಿಗೆ ಹಾಕಿದ್ಳು.
"ಒಂದು ಬ್ಯಾರೆ ಕಡಿ ಇಡ್ರಿ, ಕಳಕೊಂಡ್ರ?"
"ಕಳಕೊಂಡ್ರ ನಿಮಗ ಕರೀತೀನಿ.
ಮತ್ತ ಒದೀರಂತ."

ಹಳೇ ಕೀಲಿ ಒಯ್ರಿ ಅಂದ್ಳು, ಒಯ್ದೆ.
ಸಂಜೀಕ ಅಂಗಡ್ಯಾಗ ಬಿಚ್ಚಿದೆ: ಐದು ಹಿತ್ತಾಳಿ ಪಿನ್ನು,
ಬಿಳೀ ಪಂಜೆ ಮ್ಯಾಲ ಗೋಧಿ ಕಾಳಿನಂಗ.
ಎರಡು ಸೇಡಂ ರಸ್ತೆಯ ಒಂದು ಮನಿಗೆ ಹೋದವು,
ಒಂದು ಆಳಂದ ನಾಕಾದ ಔಷಧ ಅಂಗಡಿಗೆ.
ಎರಡು ನಶ್ಯದ ಡಬ್ಬ್ಯಾಗ ಅವ.

ಇದೇ ಊರಾಗ ಎಲ್ಲೋ,
ಗಾಡಿ ಚಾವಿ ಜೋಡಿ ಒಂದು ಕಿಸೇದಾಗ,
ಆ ಮೂರನೇ ಚಾವಿ ಇನ್ನಾ
ಕಿಣಿಕಿಣಿ ಅನ್ಲತ್ತಿರಬೇಕು.